ಅಪ್ಪನ ಕೈಯ ಕತ್ತರಿ

ಆಟೊಗೋ ಜಟಕಾಗೋ ಮೈಕು ಕಟ್ಟಿಕೊಂಡು ಊರು ಸುತ್ತುತ್ತಿದ್ದ ಸಿನಿಮಾ ಪ್ರಚಾರದವನಿಗೆ ಎರಡು ಮಾತು ಬಾಯಿಪಾಠವಾಗಿರುತ್ತಿದ್ದವು. ಒಂದು, ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ. ಇನ್ನೊಂದು, ಸಕುಟುಂಬ ಸಪರಿವಾರ ಸಮೇತರಾಗಿ ಬಂದು ನೋಡಿ ಆನಂದಿಸಿ. ಚಿತ್ರ ಸಾಂಸಾರಿಕವೋ ಪೌರಾಣಿಕವೋ ಗೂಢಚಾರಿಯದೋ, ಯಾವುದೇ ಇರಲಿ, ಕರೆ ಮಾತ್ರ ಇಡೀ ಸಂಸಾರಕ್ಕೆ. ಸಂಸಾರವೂ ಹಾಗೇ ಹೋಗುತ್ತಿತ್ತು. ಸಿನಿಮಾ ಟೆಂಟಿನ ಹೊರಗೆ ಘಂಟಸಾಲರ ವೆಂಕಟೇಶನ ಹಾಡು ಹಾಕಿದರೆಂದರೆ ಇನ್ನು ಆಟ ಶುರು ಎಂದರ್ಥ. ಅಜ್ಜಿಯಿಂದ ಹಿಡಿದು ಹಾಲು ಕುಡಿಯುವ ಕೂಸಿನವರೆಗೆ ಎಲ್ಲರೂ ಬಿರಬಿರನೆ ಒಳಗೆ. ನೆಲದ ಟಿಕೆಟ್ಟಿನ ಹುಡುಗರು ಮರಳು ಗುಡ್ಡೆ ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದರು, ಹಿಂದೆ ಕೂತವರು ಬೈಯುತ್ತಿದ್ದರು. ಈ ಸಿನಿಮಾ ಮಕ್ಕಳು ನೋಡುವಂಥದ್ದೇ ಎಂದು ಯಾರೂ ಕೇಳಿದಂತಿಲ್ಲ. ಕೇಳುತ್ತಿದ್ದುದು ಒಂದೇ: ರಾಜಕುಮಾರ್ ಇದಾರಾ?

ಈಗ ಮಕ್ಕಳು ನೋಡುವಂಥದ್ದೇ ಎಂಬ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ, ಅದೂ ಪ್ರತಿ ಭಾನುವಾರ ಸಂಜೆ, ಸೋಫಾದ ಮೇಲೆ ಕೂತು. ಹತ್ತು ವರ್ಷದ ಮಗನಿಗೆ ಹೊಡೆದಾಟ ಬೇಕು. ಆರು ವರ್ಷದ ಮಗಳಿಗೆ ಪ್ರಾಣಿ ಬೇಕು, ಆದರೆ ಪ್ರಾಣಿಗೆ ಏನೂ ಆಗಬಾರದು. ಅಜ್ಜಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅಮ್ಮನಿಗೆ ಒಂಬತ್ತೂವರೆಗೆ ಮುಗಿಯಬೇಕು, ನಾಳೆ ಸ್ಕೂಲಿದೆ. ಅಪ್ಪನ ಷರತ್ತು ಮಾತ್ರ ಬಾಯಿಬಿಟ್ಟು ಹೇಳುವಂಥದ್ದಲ್ಲ; ಅದು ಅವನ ಹೆಬ್ಬೆರಳಿನಲ್ಲಿದೆ. ನಾಯಕ ನಾಯಕಿ ತುಸು ಹತ್ತಿರ ಬಂದರೆ ಸಾಕು, ಹತ್ತು ಸೆಕೆಂಡು ಮುಂದೆ. ಮತ್ತೆ ಹತ್ತು ಸೆಕೆಂಡು ಮುಂದೆ. ಮಗ ಆ ಹೊತ್ತಿಗೆ ಸರಿಯಾಗಿ ಚಾವಣಿ ನೋಡುತ್ತಾನೆ. ಅವನಿಗೆ ಎಲ್ಲ ಗೊತ್ತಿದೆ ಎಂಬುದು ಅಪ್ಪನಿಗೆ ಗೊತ್ತು, ಅಪ್ಪನಿಗೆ ಗೊತ್ತು ಎಂಬುದು ಮಗನಿಗೂ ಗೊತ್ತು. ಆದರೂ ಇಬ್ಬರೂ ಸಭ್ಯತೆಯಿಂದ ನಟಿಸುತ್ತಾರೆ. ಮನೆಮಂದಿ ಒಟ್ಟಿಗೆ ನೋಡುವ ಸಿನಿಮಾದಲ್ಲಿ ಅತ್ಯುತ್ತಮ ಅಭಿನಯ ಎಷ್ಟೋ ಸಲ ಪರದೆಯ ಈಚೆಗೇ ನಡೆಯುತ್ತದೆ.

ಸರ್ಕಾರದ ಕತ್ತರಿಯೂ ಇದೆ, ಇಲ್ಲವೆಂದಲ್ಲ. 1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಕಾರ ಮೊದಲಿಗೆ ಇದ್ದುದು 'ಯು' ಮತ್ತು 'ಎ' ಎರಡೇ: ಎಲ್ಲರಿಗೂ, ಇಲ್ಲವೇ ದೊಡ್ಡವರಿಗೆ ಮಾತ್ರ. 1983ರಲ್ಲಿ ನಡುವೆ 'ಯು/ಎ' ಬಂತು. ಹನ್ನೆರಡರೊಳಗಿನ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದು ಎಂದು ಅದರ ಅರ್ಥ. 2023ರ ತಿದ್ದುಪಡಿಯಲ್ಲಿ ಅದನ್ನೂ ಒಡೆದು ಯುಎ 7+, 13+, 16+ ಎಂದು ಮೂರು ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಯುಎ ಎಂಬುದು ಬರೀ ಸಲಹೆ. ಪಾಲಿಸಬೇಕಾದವರು ಅಪ್ಪ ಅಮ್ಮ. ಟಾಕೀಸಿನ ಕತ್ತಲಲ್ಲಿ ಆ ಸರ್ಟಿಫಿಕೇಟು ಪರದೆ ಮೇಲೆ ಮೂಡುವ ಹೊತ್ತಿಗೆ ಅವರು ಸೀಟು ನಂಬರು ಹುಡುಕುತ್ತಿರುತ್ತಾರೆ. ಅದಾದ ಮೇಲೆ ಬರುವ ತಂಬಾಕು ವಿರೋಧಿ ಜಾಹೀರಾತಿಗೆ ಮಾತ್ರ ಯಾವ ವಯೋಮಿತಿಯೂ ಇಲ್ಲ. ಕಾರ್ಟೂನು ನೋಡಲು ಬಂದ ಕೂಸು ಮೊದಲು ಬಾಯಿ ಕ್ಯಾನ್ಸರಿನ ರೋಗಿಯನ್ನು ನೋಡಿ, ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಆಮೇಲೆ ಮೊಲದ ಕಥೆಗೆ ತಯಾರಾಗಬೇಕು.

ಸರ್ಕಾರದ ಕತ್ತರಿಗಿಂತ ಅಪ್ಪನ ಹೆಬ್ಬೆರಳೇ ಹೆಚ್ಚು ವಿಚಾರ ಮಾಡತಕ್ಕದ್ದು. ಅದು ಎಲ್ಲಿ ಒತ್ತುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂದು ನೋಡಿದರೆ ಸೋಜಿಗವಾಗುತ್ತದೆ. ಮುತ್ತು ಕಂಡರೆ ಒತ್ತುತ್ತದೆ, ಮಚ್ಚು ಕಂಡರೆ ಒತ್ತುವುದಿಲ್ಲ. ಇಪ್ಪತ್ತು ಜನರನ್ನು ಒಬ್ಬನೇ ಗಾಳಿಯಲ್ಲಿ ತೂರಿದರೆ 'ಅದು ಸುಮ್ನೆ, ಗ್ರಾಫಿಕ್ಸು' ಎಂದು ಸಮಾಧಾನ. ಯಾರಾದರೂ ನಿಜವಾಗಿ ಅತ್ತರೆ ಮಾತ್ರ, 'ಬೇಡ ಬಿಡು, ಬೇಜಾರಾಗತ್ತೆ, ಬೇರೆ ಹಾಕೋಣ'.

ಹೊಡೆತಕ್ಕೆ ಹೆದರದಿರುವುದು ನಮ್ಮಲ್ಲಿ ಇಂದು ನಿನ್ನೆಯದಲ್ಲ. ಕನ್ನಡ ವಾಕ್ಚಿತ್ರ ಹುಟ್ಟಿದ ವರ್ಷ 1934. ಆ ವರ್ಷ ತೆರೆಕಂಡದ್ದು 'ಸತಿ ಸುಲೋಚನ' ಮತ್ತು 'ಭಕ್ತ ಧ್ರುವ'. ಅಂದರೆ ಕನ್ನಡ ಮಾತನಾಡಿದ ಮೊದಲ ಎರಡು ಚಿತ್ರಗಳಲ್ಲಿ ಒಂದು, ಅಪ್ಪನ ತೊಡೆಯಿಂದ ಮಲತಾಯಿ ಇಳಿಸಿದ ಮಗುವಿನದು. ಪ್ರಹ್ಲಾದನ ಕಥೆಯಂತೂ ಕೇಳುವುದೇ ಬೇಡ. ಹಬ್ಬದ ದಿನ ಟಿವಿಯಲ್ಲಿ ಬಂದರೆ ಅಜ್ಜಿಯೇ ಮೊಮ್ಮಕ್ಕಳನ್ನು ಕೂಗಿ ಕರೆದು ಕೂರಿಸುವ ಕಥೆ ಅದು. ಅದರಲ್ಲಿ ಇರುವುದೇನು? ಹೆತ್ತ ಅಪ್ಪ ಮಗನಿಗೆ ವಿಷ ಕುಡಿಸುತ್ತಾನೆ, ಆನೆಯಿಂದ ತುಳಿಸಲು ನೋಡುತ್ತಾನೆ, ಬೆಟ್ಟದ ಮೇಲಿಂದ ತಳ್ಳಿಸುತ್ತಾನೆ. ಕೊನೆಗೆ ಕಂಬ ಒಡೆದು ಬಂದವನು ಆ ಅಪ್ಪನನ್ನು ತೊಡೆಯ ಮೇಲೆ ಕೆಡವಿ ಕರುಳು ಬಗೆಯುತ್ತಾನೆ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು ರಾಜಕುಮಾರ್. ಪ್ರಹ್ಲಾದ ಅವರ ಸ್ವಂತ ಮಗ, ಆಗ ಎಂಟರ ಆಸುಪಾಸಿನ ಪುನೀತ್. ನಿಜವಾದ ಅಪ್ಪನೇ ನಿಜವಾದ ಮಗನ ಮೇಲೆ ಗದೆ ಎತ್ತುವಾಗ ಕನ್ನಡನಾಡಿನ ಒಂದು ಮನೆಯಲ್ಲೂ ಯಾರೂ ಮಗುವಿನ ಕಣ್ಣು ಮುಚ್ಚಲಿಲ್ಲ. ಮುಚ್ಚಬೇಕಿತ್ತು ಎಂದೂ ಅಲ್ಲ. ಮಕ್ಕಳು ಆ ಚಿತ್ರವನ್ನು ಬಾಯಿ ಬಿಟ್ಟುಕೊಂಡು ನೋಡಿದರು, ಈಗಲೂ ನೋಡುತ್ತಾರೆ. 2025ರಲ್ಲಿ ಅದೇ ಕಥೆ 'ಮಹಾವತಾರ ನರಸಿಂಹ' ಎಂಬ ಅನಿಮೇಷನ್ ಆಗಿ ಬಂದಾಗ ಚಿತ್ರಮಂದಿರಗಳು ಮತ್ತೆ ಸಂಸಾರ ಸಮೇತ ತುಂಬಿದವು. ಅಪ್ಪನಿಗೆ ಹೆದರದೆ ತನಗೆ ಅನಿಸಿದ್ದನ್ನು ಹೇಳುವ ಹುಡುಗ ಮಕ್ಕಳಿಗೆ ಯಾವ ಕಾಲಕ್ಕೂ ಇಷ್ಟ. ಈ ಮಾತನ್ನು ಅಪ್ಪಂದಿರು ಗಮನಿಸುವುದಿಲ್ಲ. ಅವರು ಭಕ್ತಿ ನೋಡುತ್ತಿರುತ್ತಾರೆ.

ಇಷ್ಟು ಗಟ್ಟಿ ಗುಂಡಿಗೆಯ ಮನೆ 'ಬೆಟ್ಟದ ಹೂವು' ಎಂದರೆ ಹಿಂಜರಿಯುತ್ತದೆ. 'ಅಯ್ಯೋ, ಅದು ಅಳು ಸಿನಿಮಾ.'

1985ರ ಚಿತ್ರ, ನಿರ್ದೇಶನ ಎನ್. ಲಕ್ಷ್ಮೀನಾರಾಯಣ್. ಶರ್ಲಿ ಅರೋರಾ ಎಂಬ ಅಮೆರಿಕದ ಲೇಖಕಿ ದಕ್ಷಿಣ ಭಾರತದ ಬೆಟ್ಟದೂರಿನ ಹುಡುಗನನ್ನು ಕುರಿತು ಬರೆದ ಇಂಗ್ಲಿಷ್ ಕಾದಂಬರಿ ಅದಕ್ಕೆ ಮೂಲ. ಕನ್ನಡಕ್ಕೆ ಬಂದಾಗ ಆ ಹುಡುಗ ರಾಮು ಆದ, ಅವನು ಆಸೆಪಡುವ ಪುಸ್ತಕ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಆಯಿತು. ಕಥೆಯ ಬೇರನ್ನು ಇಷ್ಟು ಸಲೀಸಾಗಿ ಇಲ್ಲಿನ ಮಣ್ಣಿಗೆ ನಾಟಿದ ಉದಾಹರಣೆ ಕಡಿಮೆ. ಕಾಡು ಹೂವು ಹುಡುಕಿಕೊಂಡು ಬಂದ ವಿದೇಶಿ ಹೆಂಗಸಿಗೆ ರಾಮು ಬೆಟ್ಟ ಹತ್ತಿ ಅಪರೂಪದ ಹೂಗಳನ್ನು ತಂದುಕೊಡುತ್ತಾನೆ, ಸಿಕ್ಕ ಕಾಸನ್ನು ಪುಸ್ತಕಕ್ಕೆಂದು ಕೂಡಿಡುತ್ತಾನೆ. ಮನೆಯಲ್ಲಿ ಬಡತನ, ಹೊರಗೆ ಚಳಿ. ಕೊನೆಗೆ ಆ ದುಡ್ಡಿನಲ್ಲಿ ಮನೆಗೆ ಬರುವುದು ಪುಸ್ತಕ ಅಲ್ಲ, ಕಂಬಳಿ. ಪುನೀತ್‌ಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂದದ್ದು ಈ ರಾಮು ಪಾತ್ರಕ್ಕೆ.

ಈಗಿನ ಮಗುವಿನ ಪಕ್ಕದಲ್ಲಿ ಕೂತು ಇದನ್ನು ನೋಡುವುದು ಒಂದು ಪರೀಕ್ಷೆಯೇ. ಬೆಳಿಗ್ಗೆ ಆರ್ಡರು ಮಾಡಿದ ಬಣ್ಣದ ಪೆನ್ಸಿಲು ಸಂಜೆ ಬಾಗಿಲಿಗೆ ಬರುವ ಮನೆಯ ಕೂಸು ಕೇಳುತ್ತದೆ: 'ಎರಡೂ ತಗೋಬಹುದಿತ್ತಲ್ಲಮ್ಮಾ?' ಅಮ್ಮ, ಅವರ ಹತ್ರ ಅಷ್ಟು ದುಡ್ಡಿರಲಿಲ್ಲ ಪುಟ್ಟಿ ಎನ್ನುತ್ತಾಳೆ. 'ಅವರಪ್ಪ ಯಾಕೆ ಕೊಡಿಸ್ಲಿಲ್ಲ?' ಈ ಪ್ರಶ್ನೆಗೆ ಅಮ್ಮ ಅಪ್ಪನ ಮುಖ ನೋಡುತ್ತಾಳೆ. ಅಪ್ಪ ನೀರು ಕುಡಿಯಲು ಏಳುತ್ತಾನೆ.

ಅಳುವಿನ ಭಯದ ಗುಟ್ಟು ಇಲ್ಲಿದೆ. ಮಗು ಅತ್ತೀತು ಎಂಬುದು ನೆಪ. ಮಗು ಕೇಳೀತು ಎಂಬುದು ನಿಜವಾದ ಅಂಜಿಕೆ. ಮಚ್ಚಿನ ಸಿನಿಮಾ ಮುಗಿದ ಮೇಲೆ ಮಗು ಏನನ್ನೂ ಕೇಳುವುದಿಲ್ಲ. ಸೋಫಾದಿಂದ ಹಾರಿ ದಿಂಬಿಗೆ ನಾಲ್ಕು ಗುದ್ದಿ ಮಲಗಲು ಹೋಗುತ್ತದೆ. 'ಬೆಟ್ಟದ ಹೂವು' ಮುಗಿದ ಮೇಲೆ ಕೇಳುತ್ತದೆ. ಬಡತನ ಎಂದರೆ ಏನು, ಕೊಡಿಸಲಾಗದ ಅಪ್ಪ ಕೆಟ್ಟವನೇ, ನಮಗೂ ಹಾಗಾದರೆ ಏನು ಮಾಡುವುದು. ದೊಡ್ಡವರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಏಳಿಸುವ ಸಿನಿಮಾವೇ ಒಟ್ಟಿಗೆ ಕೂತು ನೋಡಲು ಯೋಗ್ಯ. ಮಿಕ್ಕವನ್ನು ಮಕ್ಕಳು ಒಬ್ಬರೇ ನೋಡಿಕೊಂಡರೂ ನಡೆಯುತ್ತದೆ.

ವಿಜಯ ರಾಘವೇಂದ್ರ ಬಾಲನಟನಾಗಿದ್ದಾಗ ಮಾಡಿದ ಎರಡು ಚಿತ್ರಗಳನ್ನೇ ಪಕ್ಕಪಕ್ಕ ಇಟ್ಟು ನೋಡಬಹುದು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ 'ಚಿನ್ನಾರಿ ಮುತ್ತ' (1993) ಹಳ್ಳಿಯ ಹುಡುಗನೊಬ್ಬ ಓಟಗಾರನಾಗುವ ಕಥೆ. ಎಚ್.ಎಸ್. ವೆಂಕಟೇಶಮೂರ್ತಿ ಅವರ ಹಾಡುಗಳು, ಸಿ. ಅಶ್ವತ್ಥ್ ಸಂಗೀತ. ಇಂದಿಗೂ ಶಾಲಾ ವಾರ್ಷಿಕೋತ್ಸವದಲ್ಲಿ ಆ ಹಾಡುಗಳಿಗೆ ಮಕ್ಕಳು ಕುಣಿಯುತ್ತಾರೆ. ಮರುವರ್ಷ ನಾಗತಿಹಳ್ಳಿ ಚಂದ್ರಶೇಖರ್ ಅವರ 'ಕೊಟ್ರೇಶಿ ಕನಸು' ಬಂತು. ಕುಂ. ವೀರಭದ್ರಪ್ಪನವರ ಕಥೆ, ದಲಿತ ಕೇರಿಯ ಹುಡುಗ ಹೈಸ್ಕೂಲು ಸೇರುವ ಕನಸು ಕಾಣುತ್ತಾನೆ, ಊರಿನ ದೊಡ್ಡವರಿಗೆ ಅದು ಸಹಿಸುವುದಿಲ್ಲ. ವಿಜಯ ರಾಘವೇಂದ್ರನಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು ಇದು. ಆದರೂ ಮನೆಮನೆಗೆ ತಲುಪಿದ್ದು ಮುತ್ತ, ಕೊಟ್ರೇಶಿ ಅಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಮುತ್ತ ಗೆದ್ದರೆ ಚಪ್ಪಾಳೆ ತಟ್ಟಿ ಎದ್ದು ಬರಬಹುದು. 'ಅವನು ಯಾಕೆ ಹೈಸ್ಕೂಲಿಗೆ ಹೋಗಬಾರದಂತೆ?' ಎಂದು ಮಗ ಕೇಳಿದರೆ ಜಾತಿ ಎಂಬ ಮಾತನ್ನು ಊಟದ ಮೇಜಿಗೆ ತರಬೇಕಾಗುತ್ತದೆ, ಅಜ್ಜಿಯೂ ಅಲ್ಲೇ ಕೂತಿರುತ್ತಾರೆ.

ಅತ್ತರೆ ತಪ್ಪೇನು ಎಂದು ರಾಜ್ಯಕ್ಕೇ ತೋರಿಸಿಕೊಟ್ಟವರೂ ಇದ್ದಾರೆ. 2022ರ ಜೂನ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನಾಯಿಯ ಕಥೆಯ '777 ಚಾರ್ಲಿ' ನೋಡಿ ಹೊರಬಂದು ಕ್ಯಾಮೆರಾಗಳ ಎದುರೇ ಕಣ್ಣೊರೆಸಿಕೊಂಡರು. ಅದರ ಹಿಂದಿನ ವರ್ಷ ತೀರಿಕೊಂಡಿದ್ದ ಮನೆಯ ನಾಯಿ ಅವರಿಗೆ ನೆನಪಾಗಿತ್ತು. ಕಿರಣ್‌ರಾಜ್ ನಿರ್ದೇಶನದ, ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರ ನೋಡಿ ಎಷ್ಟೋ ಅಪ್ಪಂದಿರು ಕತ್ತಲಲ್ಲಿ ಮೂಗು ಒರೆಸಿಕೊಂಡಿದ್ದಾರೆ. ಮಕ್ಕಳಿಗೆ ಅದೇ ಒಂದು ಸಿನಿಮಾ: ಅಪ್ಪ ಅಳುವುದನ್ನು ನೋಡುವುದು. ಹಾಗೆಂದು ಇದನ್ನು ಆರರ ಕೂಸಿಗೆ ಕಣ್ಣು ಮುಚ್ಚಿ ತೋರಿಸಿ ಎನ್ನಲಾಗದು. ಎರಡೂವರೆ ಗಂಟೆಗೂ ಮೀರಿದ ಚಿತ್ರ, ಮೊದಲರ್ಧದಲ್ಲಿ ನಾಯಕ ಸಿಗರೇಟು ಬಿಯರು ಬಿಡುವುದಿಲ್ಲ, ಕೊನೆಯಂತೂ ದೊಡ್ಡವರಿಗೇ ಭಾರ. ಮನೆಯಲ್ಲಿ ನಾಯಿ ಇದ್ದರೆ ಇನ್ನೂ ಎರಡು ವರ್ಷ ಕಾಯುವುದು ಲೇಸು.

ಆ ಎರಡು ವರ್ಷ ಚಾರ್ಲಿಯ ಬದಲು ಚಾರ್ಲಿಯನ್ನೇ ತೋರಿಸಬಹುದು. ಚಿತ್ರದ ನಾಯಕ ಧರ್ಮನಿಗೆ ಚಾಪ್ಲಿನ್ ಎಂದರೆ ಪ್ರಾಣ, ನಾಯಿಗೆ ಆ ಹೆಸರು ಬಂದದ್ದೂ ಅಲ್ಲಿಂದಲೇ. ಚಾಪ್ಲಿನ್‌ನ 'ದಿ ಕಿಡ್' 1921ರದು. ಹೆಚ್ಚುಕಡಿಮೆ ಒಂದು ಗಂಟೆ, ಒಂದು ಮಾತಿಲ್ಲ. ಮೂರು ವರ್ಷದ ಕೂಸಿಗೂ ಎಂಬತ್ತರ ಅಜ್ಜಿಗೂ ಸಮಾನವಾಗಿ ಅರ್ಥವಾಗುತ್ತದೆ. ಅಲ್ಲಲ್ಲಿ ಬರುವ ಬರಹದ ಚೀಟಿಯನ್ನು ಯಾರಾದರೂ ಓದಿ ಹೇಳಿದರೆ ಸಾಕು. ಹುಡುಗ ಬೀದಿಯಲ್ಲಿ ಹೋಗುತ್ತ ಕಲ್ಲೆಸೆದು ಕಿಟಕಿಯ ಗಾಜು ಒಡೆಯುತ್ತಾನೆ. ಒಡೆದ ಗಳಿಗೆಗೇ ಬೆನ್ನಿಗೆ ಗಾಜು ಹೊತ್ತ ಚಾಪ್ಲಿನ್ ಏನೂ ಅರಿಯದವನಂತೆ ಆ ಬೀದಿಗೆ ಬರುತ್ತಾನೆ, ಮನೆಯವರು ಕರೆದು ಗಾಜು ಹಾಕಿಸಿಕೊಳ್ಳುತ್ತಾರೆ. ಹುಡುಗ ಮತ್ತೊಂದು ಕಲ್ಲು ಬೀಸಲು ಕೈ ಹಿಂದಕ್ಕೆ ಎಳೆದರೆ ಆ ಕೈ ತಗಲುವುದು ಪೊಲೀಸಿನವನಿಗೆ. ಈ ಜಾಗದಲ್ಲಿ ನಗದ ಮಗು ಇರಲಾರದು. ನೀತಿಪಾಠದ ದೃಷ್ಟಿಯಿಂದ ನೋಡಿದರೆ ಇದು ಅಪ್ಪ ಮಗ ಸೇರಿ ಮಾಡುವ ಶುದ್ಧ ವಂಚನೆ. ಇದೇ ಚಿತ್ರದಲ್ಲಿ ಅನಾಥಾಶ್ರಮದವರು ಹುಡುಗನನ್ನು ಲಾರಿಗೆ ಎತ್ತಿಹಾಕಿಕೊಂಡು ಹೋಗುವಾಗ ಅವನು ಕೈಚಾಚಿ ಅಳುತ್ತಾನೆ, ಚಾಪ್ಲಿನ್ ಮನೆಗಳ ಚಾವಣಿಯ ಮೇಲೆ ಓಡುತ್ತ ಬೆನ್ನಟ್ಟುತ್ತಾನೆ. ಬಾಲ್ಯದಲ್ಲಿ ತಾನೇ ತಾಯಿಯಿಂದ ಬೇರೆಯಾಗಿ ಬಡಮಕ್ಕಳ ಆಶ್ರಮ ಸೇರಿದವನು ಮಾಡಿದ ದೃಶ್ಯ ಅದು. ನಗು ಒಂದು ಕಡೆ, ಅಳು ಒಂದು ಕಡೆ ಎಂದು ಕತ್ತರಿಸಿ ಇಡಲು ಅಲ್ಲಿ ಜಾಗವೇ ಇಲ್ಲ.

ನಗುವಿನ ಚಿತ್ರಗಳಾದರೆ ಪೂರ್ತಿ ನಿರಪಾಯ ಎಂದುಕೊಂಡವರೂ ಒಮ್ಮೊಮ್ಮೆ ಸಿಕ್ಕಿಹಾಕಿಕೊಳ್ಳುತ್ತಾರೆ. ಫಣಿ ರಾಮಚಂದ್ರ ಅವರ 'ಗಣೇಶನ ಮದುವೆ' (1990) ಇಂದಿಗೂ ಮನೆಮಂದಿಯ ಚಿತ್ರ. ಒಂದೇ ವಠಾರದಲ್ಲಿದ್ದು ಹಾವು ಮುಂಗುಸಿಯಂತೆ ಕಚ್ಚಾಡುವ ಅನಂತನಾಗ್ ಮತ್ತು ವಿನಯಾ ಪ್ರಸಾದ್, ಯಾರು ಯಾರೆಂದು ಅರಿಯದೆ ಕಾಗದದಲ್ಲಿ ಪ್ರೀತಿಸುತ್ತಾರೆ. ಅಪಾರ್ಟ್‌ಮೆಂಟಿನ ಮಕ್ಕಳಿಗೆ ವಠಾರ ಎಂದರೇನೆಂದು ಮೊದಲು ವಿವರಿಸಬೇಕು, ಆಮೇಲೆ ಕಾಗದ ಬರೆಯುವುದೆಂದರೇನೆಂದು. ಅಜ್ಜಿಗೆ ಅಂದು ಕೈತುಂಬ ಕೆಲಸ. ಮರುವರ್ಷದ 'ಗೌರಿ ಗಣೇಶ' ಇದಕ್ಕಿಂತಲೂ ನಗಿಸುತ್ತದೆ. ಮಾಸ್ಟರ್ ಆನಂದ್ ಬಾಯಿ ತೆರೆದರೆ ಸಾಕು. ಆದರೆ ಅದರ ಕಥೆ ಏನು? ತೀರಿಹೋದ ಹುಡುಗಿಯೊಬ್ಬಳ ಮಗುವಿಗೆ ನೀನೇ ತಂದೆ ಎಂದು ಮೂವರು ದೊಡ್ಡ ಮನುಷ್ಯರನ್ನು ಬೇರೆಬೇರೆಯಾಗಿ ನಂಬಿಸಿ ದುಡ್ಡು ಕೀಳುವುದು. ಮೂವರೂ ಯಾಕೆ ನಂಬುತ್ತಾರೆ ಎಂದು ಹತ್ತು ವರ್ಷದವನು ಕೇಳುವ ತನಕ, ಇದು ಮಕ್ಕಳ ಜೊತೆ ನೋಡುವ ಸಿನಿಮಾ ಎಂಬುದರ ಬಗ್ಗೆ ಯಾರಿಗೂ ಅನುಮಾನ ಬಂದಿರುವುದಿಲ್ಲ.

ದೊಡ್ಡವರು ಮಕ್ಕಳನ್ನು ಕರೆದುಕೊಂಡು ಹೋಗಿ, ತಾವೇ ಹೆಚ್ಚು ನಕ್ಕು ಬಂದ ಈಚಿನ ಚಿತ್ರ ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' (2018). 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಶಾಲೆಗಳ ಪಾಡು ಸಣ್ಣ ವಿಷಯವಲ್ಲ. ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಮೇಷ್ಟರನ್ನು ಹಾಕುವುದು ಅಲ್ಲಿ ನಿಜವಾಗಿಯೂ ನಡೆದು, ಜನ ಬೀದಿಗಿಳಿದಿದ್ದಾರೆ. ಚಿತ್ರ ಅದನ್ನು ತರಗತಿಯ ಒಳಗಿನಿಂದ ತೋರಿಸುತ್ತದೆ. ಮಲಯಾಳಂನಲ್ಲಿ ಗಣಿತ ಸುರಿಯುವ ಮೇಷ್ಟ್ರು, ಪಿಳಿಪಿಳಿ ನೋಡುವ ಮಕ್ಕಳು. ದಡ್ಡ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಪ್ರವೀಣ, ಮಾತಿನ ಮಲ್ಲ ಮಮ್ಮುಟ್ಟಿ, ಎಲ್ಲರ ಕಣ್ಣೂ ನೆಟ್ಟಿರುವ ಪಲ್ಲವಿ. ಶಾಲೆ ಮುಚ್ಚುವ ಹೊತ್ತಿಗೆ ಅದನ್ನು ಉಳಿಸಲು ಹುಡುಗರು ಮೈಸೂರಿಗೆ ಹೋಗಿ ಅನಂತಪದ್ಮನಾಭ ಎಂಬಾತನನ್ನು ಹಿಡಿದು ತರುತ್ತಾರೆ. ಆಮೇಲಿನದೆಲ್ಲ ಅನಂತನಾಗ್ ರಾಜ್ಯಭಾರ. ಕೋರ್ಟಿನ ಮಾತು ಸ್ವಲ್ಪ ಉದ್ದವಾಯಿತು, ಭಾಷಣದ ವಾಸನೆಯೂ ಇದೆ. ಆದರೆ ಮಕ್ಕಳು ಅಷ್ಟರಲ್ಲಿ ಆ ಶಾಲೆಯ ಬೆಂಚಿನಲ್ಲಿ ಕೂತುಬಿಟ್ಟಿರುತ್ತಾರೆ. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡ ಶಾಲೆ ಉಳಿಯಲಿ ಎಂದು ಚಪ್ಪಾಳೆ ತಟ್ಟುವಾಗ ಅಕ್ಕಪಕ್ಕದ ಅಪ್ಪ ಅಮ್ಮಂದಿರ ಮುಖ ನೋಡುವಂತಿರುತ್ತದೆ.

ಭಾಷೆಯ ಮಾತು ಬಂದದ್ದರಿಂದ ಇನ್ನೊಂದು. 2016ರಲ್ಲಿ ಹಾಲಿವುಡ್ಡಿನ 'ದಿ ಜಂಗಲ್ ಬುಕ್' ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗ್ ಬೇಡವೆಂದು ಇಲ್ಲಿನ ಚಿತ್ರೋದ್ಯಮ ದಶಕಗಳ ಕಾಲ ತಡೆಹಿಡಿದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪು ಎಂದ ಮೇಲೂ ಬಾಗಿಲು ತೆರೆಯಲು ಹೊತ್ತು ಹಿಡಿಯಿತು. ಕಲಾವಿದರ ಅನ್ನದ ಪ್ರಶ್ನೆ ಸಣ್ಣದಲ್ಲ, ಆ ವಾದಕ್ಕೂ ಬಲವಿತ್ತು. ಆದರೆ ಅದರ ಬೆಲೆ ತೆತ್ತವರು ಹಿಂದಿ ಇಂಗ್ಲಿಷ್ ಎರಡೂ ಬಾರದ ಹಳ್ಳಿಯ ಮಕ್ಕಳು. ಜಂಗಲ್ ಬುಕ್ಕಿನ ಮೌಗ್ಲಿ ಅವರ ಪಾಲಿಗೆ ಬರೀ ಚಿತ್ರವಾದ, ಮಾತಾಗಲಿಲ್ಲ.

ಡಬ್ಬಿಂಗ್ ಇಲ್ಲದಿದ್ದರೂ ಒಂದು ಉಪಾಯವಿದೆ, ಅದಕ್ಕೆ ದೊಡ್ಡವರ ಗಂಟಲು ಬೇಕು. ಮಾಜಿದ್ ಮಜೀದಿಯ ಇರಾನಿ ಚಿತ್ರ 'ಚಿಲ್ಡ್ರನ್ ಆಫ್ ಹೆವನ್' (1997) ಫಾರ್ಸಿ ಭಾಷೆಯದು, ಸಬ್‌ಟೈಟಲ್ ಇಂಗ್ಲಿಷಿನದು. ಎರಡೂ ಮಗುವಿಗೆ ಬಾರದು. ಆಗ ಅಮ್ಮ ಓದಿ ಓದಿ ಕನ್ನಡದಲ್ಲಿ ಹೇಳುತ್ತ ಹೋಗುತ್ತಾಳೆ, ಮೊದಲರ್ಧ ಗಂಟೆ ಮಾತ್ರ. ಅಣ್ಣ ಅಲಿ ತಂಗಿಯ ಶೂ ಕಳೆದುಬಿಟ್ಟಿದ್ದಾನೆ. ಮನೆಯಲ್ಲಿ ಹೇಳಿದರೆ ಹೊಸದು ಕೊಡಿಸಲು ಅಪ್ಪನ ಕೈಲಿ ಕಾಸಿಲ್ಲ. ತಂಗಿಯದು ಬೆಳಗಿನ ಶಾಲೆ, ಅವನದು ಮಧ್ಯಾಹ್ನದ್ದು. ಇರುವ ಒಂದೇ ಜೊತೆ ಶೂವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಅವಳು ತನ್ನ ಅಳತೆಗಿಂತ ದೊಡ್ಡದಾದ ಶೂ ಹಾಕಿಕೊಂಡು ಓಡಿ ಬರಬೇಕು, ಅವನು ಗಲ್ಲಿಯ ಮೂಲೆಯಲ್ಲಿ ಕಾದಿದ್ದು ಅದನ್ನು ತೊಟ್ಟು ಓಡಬೇಕು. ಇಷ್ಟು ತಿಳಿದ ಮೇಲೆ ಮಗು 'ಓದಬೇಡಮ್ಮಾ, ಗೊತ್ತಾಗತ್ತೆ' ಎನ್ನುತ್ತದೆ. ಮುಂದೆ ಓಟದ ಪಂದ್ಯ. ಮೂರನೇ ಬಹುಮಾನ ಒಂದು ಜೊತೆ ಶೂ. ಮೂರನೆಯವನಾಗಿ ಬರಬೇಕೆಂದು ಓಡುವ ಹುಡುಗನ ಕಥೆಯನ್ನು ಇನ್ಯಾರು ಬರೆದಿದ್ದಾರೆ? ಮೊದಲ ರ್‍ಯಾಂಕು ಬೇಕೇಬೇಕೆನ್ನುವ ಮನೆಗಳಲ್ಲಿ ಇದನ್ನು ವರ್ಷಕ್ಕೊಮ್ಮೆ ಹಾಕಬೇಕು. ಆಸ್ಕರ್ ನಾಮನಿರ್ದೇಶನ ಪಡೆದ ಮೊದಲ ಇರಾನಿ ಚಿತ್ರ ಇದು.

ಇಷ್ಟು ಹೊತ್ತು ಕೂರಲಾರದ ಚಿಕ್ಕವರಿಗೆ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಇದ್ದೇ ಇದೆ. ಸಿನಿಮಾ ಅಲ್ಲ, ದೂರದರ್ಶನದ ಧಾರಾವಾಹಿ, ಆರ್.ಕೆ. ನಾರಾಯಣ್ ಕಥೆಗಳು, ಆಗುಂಬೆಯಲ್ಲಿ ಚಿತ್ರೀಕರಣ, ಊಟದ ಹೊತ್ತಿಗೆ ಮುಗಿಯುವ ಕಂತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್. ರಜೆಯಲ್ಲೂ ಲೆಕ್ಕ ಮಾಡಿಸುವ ಆ ಅಪ್ಪನನ್ನು ಕಂಡಾಗ ಮಗ ಪಕ್ಕಕ್ಕೆ ತಿರುಗಿ ತನ್ನ ಅಪ್ಪನನ್ನೊಮ್ಮೆ ನೋಡುವುದು ಖಂಡಿತ.

ಇವೆಲ್ಲ ಸಿಗುತ್ತವೆಯೇ ಎಂಬುದು ಕೊನೆಯ ಪ್ರಶ್ನೆ, ದೂರು ಎಂದರೂ ಸರಿ. ಶ್ರೇಷ್ಠ ಮಕ್ಕಳ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ 2006ರ ಸಾಲಿನಲ್ಲಿ ಕಿಶನ್ ಎಂಬ ಬಾಲಕನೇ ನಿರ್ದೇಶಿಸಿದ 'ಕೇರ್ ಆಫ್ ಫುಟ್‌ಪಾತ್'ಗೆ ಬಂತು. 2008ರಲ್ಲಿ ಅಭಯಸಿಂಹರ 'ಗುಬ್ಬಚ್ಚಿಗಳು', 2010ರಲ್ಲಿ ಪಿ.ಆರ್. ರಾಮದಾಸ ನಾಯ್ಡು ಅವರ 'ಹೆಜ್ಜೆಗಳು', 2018ರಲ್ಲಿ ಕಾಸರಗೋಡಿನ ಶಾಲೆ. ನಾಲ್ಕೂ ಕನ್ನಡದವು. ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಮಿಕ್ಕವನ್ನು ನೋಡಿದ ಮಕ್ಕಳು ಎಷ್ಟು ಜನ? ಕಾಸರಗೋಡು ಗೆದ್ದದ್ದು ಅದನ್ನು ಯಾರೂ 'ಮಕ್ಕಳ ಚಿತ್ರ' ಎಂದು ಮಾರದ್ದರಿಂದ. ಆ ಹಣೆಪಟ್ಟಿ ಬಿದ್ದರೆ ದೊಡ್ಡವರು ಬರುವುದಿಲ್ಲ, ದೊಡ್ಡವರು ಬಾರದಿದ್ದರೆ ಮಕ್ಕಳಿಗೆ ಟಿಕೆಟು ಕೊಳ್ಳುವವರಿಲ್ಲ. 1955ರಲ್ಲಿ ಮಕ್ಕಳ ಚಿತ್ರಗಳಿಗೆಂದೇ ಹುಟ್ಟಿದ ಮಕ್ಕಳ ಚಲನಚಿತ್ರ ಸಂಘವೂ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯೊಳಗೆ ವಿಲೀನವಾಗಿದೆ.

ಟಾಕೀಸಿಗೆ ಹೋಗೋಣವೆಂದರೆ ಲೆಕ್ಕ ಬೇರೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಸಿನಿಮಾ ಟಿಕೆಟಿಗೆ ₹200ರ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆ ಮಿತಿ ಉಳಿದಿದ್ದರೂ ಅಜ್ಜಿ ಸೇರಿ ಐವರ ಮನೆಗೆ ಸಾವಿರ ರೂಪಾಯಿ ಆಗುತ್ತಿತ್ತು, ತೆರಿಗೆ, ಪಾಪ್‌ಕಾರ್ನ್ ಬೇರೆ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆಯಿದ್ದ ಕಾಲದಲ್ಲಿ ಬಡವರೂ ಸಕುಟುಂಬವಾಗಿ ಹೋಗಲು ಸಾಧ್ಯವಾಗಿದ್ದು ಆ ನೆಲದಿಂದಲೇ.

ಚಂದನ ವಾಹಿನಿಯವರು ವಾರಕ್ಕೊಂದು ಸಂಜೆಯನ್ನು ಇಂಥ ಚಿತ್ರಗಳಿಗೆ ಮೀಸಲಿಡಲಿ. ಪ್ರಶಸ್ತಿ ಪಡೆದ ಕನ್ನಡ ಮಕ್ಕಳ ಚಿತ್ರಗಳ ಒಳ್ಳೆಯ ಪ್ರತಿಗಳನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿ ಶಾಲೆಗಳಿಗೆ, ತಾಲ್ಲೂಕು ಗ್ರಂಥಾಲಯಗಳಿಗೆ ತಲುಪಿಸಲಿ. ಒಂದು ಪ್ರೊಜೆಕ್ಟರು, ಒಂದು ಬಿಳಿ ಗೋಡೆ ಇದ್ದರೆ ಸಾಕು. ಅಪ್ಪ ಅಮ್ಮಂದಿರಲ್ಲಿ ಕೇಳಿಕೊಳ್ಳುವುದು ಇಷ್ಟೆ: ಈ ದಸರಾ ರಜೆಯಲ್ಲಿ 'ಬೆಟ್ಟದ ಹೂವು' ಹಾಕಿ, ನೀವೂ ಜೊತೆಗೆ ಕೂರಿ, ರಿಮೋಟನ್ನು ಅಜ್ಜಿಯ ಕೈಗೆ ಕೊಡಿ. ಮುಗಿದ ಮೇಲೆ 'ಇದರಿಂದ ಏನು ಕಲಿತೆ' ಎಂದು ಮಾತ್ರ ಕೇಳಬೇಡಿ.